ಕೀವಾಗದ ಗಾಯ

ಅಕ್ಕನ ಬೆರಳಿಗೆ ಸಿಗಡಿಯ ಮುಳ್ಳು ಚುಚ್ಚಿದ್ದು ಯಾವತ್ತು ಎಂದು ಡಾಕ್ಟರು ಕೇಳಿದಾಗ ನಮ್ಮಲ್ಲಿ ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ. ಮೀನು ಮಾರುವವರ ಕೈಯಲ್ಲಿ ಹಳೆಯದೋ ಹೊಸದೋ ಒಂದು ಗಾಯ ಯಾವಾಗಲೂ ಇರುತ್ತದೆ. ಸಿಗಡಿಯ ತಲೆಯ ಮೇಲಿನ ಗರಗಸದಂಥ ಮುಳ್ಳು, ಏಡಿಯ ಕೊಂಡಿ, ಮೀನಿನ ರೆಕ್ಕೆಯ ಮೊನೆ, ಇವಕ್ಕೆಲ್ಲ ದಿನ ತಿಥಿ ಇಟ್ಟುಕೊಂಡವರಿಲ್ಲ.

“ಪೇಟೆಗೆ ಸಿಗಡಿ ರಾಶಿ ಬಂದಿತ್ತಲ್ಲ, ಆವತ್ತು,” ಎಂದು ಅಕ್ಕನೇ ಹೇಳಿದಳು. ಹೇಳುವಾಗ ಕಣ್ಣು ಮುಚ್ಚಿಕೊಂಡಿದ್ದಳು. ದನಿ ಗಂಟಲಿನಲ್ಲೇ ಉಳಿಯುತ್ತಿತ್ತು.

ಅಕ್ಕನ ಹೆಸರು ಕಾಶಿ. ಮಂಜಗುಣಿಗೆ ಕೊಟ್ಟದ್ದು. ಬಾವ ಜಟ್ಟಿ ದೋಣಿಗೆ ಹೋಗುತ್ತಾನೆ, ಅಕ್ಕ ಅಂಕೋಲೆಯ ಮೀನು ಪೇಟೆಯಲ್ಲಿ ಕೂರುತ್ತಾಳೆ. ನಾನು ರೂಪೇಶ, ಅವಳ ತಮ್ಮ. ಕಾರವಾರದ ಬಂದರಿನ ಹತ್ತಿರ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು. ನಮ್ಮ ಮನೆಗಳ ಲೆಕ್ಕದಲ್ಲಿ ಓದಿದವನೆಂದರೆ ನಾನೇ. ಹಾಗಾಗಿ ಬ್ಯಾಂಕು, ಕೋರ್ಟು, ಆಸ್ಪತ್ರೆ ಎಂದರೆ ನನ್ನನ್ನು ಕರೆಯುತ್ತಾರೆ. ದೊಡ್ಡವರು ಹೇಳಿದ್ದನ್ನು ಕೇಳಿಸಿಕೊಂಡು ಮನೆಯವರಿಗೆ ಬಿಡಿಸಿ ಹೇಳುವುದು ನನ್ನ ಪಾಲಿನ ಕೆಲಸ. ನನಗೆ ಎಷ್ಟು ಅರ್ಥವಾಗಿರುತ್ತದೆ ಎಂದು ಯಾರೂ ಕೇಳುವುದಿಲ್ಲ.

ಆ ಬೆರಳನ್ನು ಮೊದಲು ನೋಡಿದ್ದು ಅಕ್ಕನ ಅತ್ತೆ ತಿಮ್ಮಿ ಆಯಿ. ಅವರ ಕೇರಿಯಲ್ಲಿ ಗಾಯ ಅಂದರೆ ತಿಮ್ಮಿ ಆಯಿಯೇ ನೋಡಬೇಕು. ಬಲೆಯ ಹಗ್ಗ ಕೊಯ್ದ ಅಂಗೈ, ಗಾಳ ಹೊಕ್ಕ ಹಿಮ್ಮಡಿ, ಎಲ್ಲ ಅವರ ಮನೆಯ ಜಗಲಿ ಚಿಟ್ಟೆಗೆ ಬರುತ್ತವೆ. ಬಿಸಿ ಉಪ್ಪು ನೀರಿನಲ್ಲಿ ತೊಳೆದು, ಅರಿಶಿನ ಎಣ್ಣೆ ಹಚ್ಚಿ, ಬಟ್ಟೆ ಕಟ್ಟುತ್ತಾರೆ. ಮರುದಿನ ಬಿಚ್ಚಿ ಮೂಗಿನ ಹತ್ತಿರ ಹಿಡಿದು ಮೂಸುತ್ತಾರೆ, ಬದಿ ಒತ್ತಿ ನೋಡುತ್ತಾರೆ. ಕೀವು ಬಂದರೆ ಮುಖ ಗಂಟಿಕ್ಕಿ, ಹಿಂಡಿ ತೆಗೆದು, ಬಟ್ಟೆಯನ್ನು ಒಲೆಗೆ ಹಾಕುತ್ತಾರೆ. ಬರದಿದ್ದರೆ ಗಾಯ ಗೆದ್ದ ಹಾಗೆ. ಅಲ್ಲಿಯ ಜನ ಇಷ್ಟು ವರ್ಷ ಹೀಗೇ ಬದುಕಿದ್ದಾರೆ, ಬಹಳ ಸಲ ಅದು ಸರಿಯೂ ಇರುತ್ತದೆ.

ಅಕ್ಕನ ಬೆರಳಿಗೆ ಕೀವು ಬರಲಿಲ್ಲ. ತುದಿ ಸ್ವಲ್ಪ ಕಪ್ಪಿಟ್ಟಿತು, ಅಷ್ಟೆ. ತಿಮ್ಮಿ ಆಯಿ ದಿನವೂ ಬಿಚ್ಚಿ ನೋಡಿ, “ನಮ್ಮ ಕಾಶಿ ರಕ್ತ ಚೊಕ್ಕ ಅದೆ, ಕೀವಾಗೂಕೆ ಬಿಡೂದಿಲ್ಲ,” ಎಂದು ನೆರೆಮನೆಯವರಿಗೆಲ್ಲ ಹೇಳಿದ್ದರಂತೆ. ಗಂಟಲು ನೋವು ಬಂದಾಗಲೂ ಯಾರೂ ಹೆಚ್ಚು ಎಣಿಸಲಿಲ್ಲ. ಬೆಳಿಗ್ಗೆಯಿಂದ ಪೇಟೆಯಲ್ಲಿ ಕೂಗಿ ಕೂಗಿ ಮಾರುವವಳು, ಅವಳ ಗಂಟಲು ಯಾವತ್ತು ನೆಟ್ಟಗಿತ್ತು? ಆಮೇಲೆ ನಡುಕ ಹತ್ತಿ ಜ್ವರ ಬಂತು. ನೀರು ಗುಟುಕರಿಸಲೂ ಆಗದೆ ಹೋದಾಗ ಬಾವ ನನಗೆ ಫೋನ್ ಮಾಡಿದ. ಬಾಡಿಗೆ ಕಾರಿನಲ್ಲಿ ಕಾರವಾರಕ್ಕೆ ಕರೆತಂದೆವು.

ಡಾಕ್ಟರ ಹೆಸರು ವೈಜಯಂತಿ. ನಮ್ಮ ವಯಸ್ಸಿನವರೇ. ಅಕ್ಕನ ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿದರು, ಬೆರಳನ್ನು ಬಹಳ ಹೊತ್ತು ನೋಡಿದರು. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾಳೆ ಎಂದು ಕೇಳಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನಿಗೆ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಶುರುವಾಗಿತ್ತು. ಥೈರಾಯ್ಡ್ ಜಾಸ್ತಿ ಎಂದು ಮಾತ್ರೆ ಕೊಟ್ಟಿದ್ದರು. ಕೊಟ್ಟವರು, ಜ್ವರವೋ ಗಂಟಲು ನೋವೋ ಬಂದರೆ ಮಾತ್ರೆ ನಿಲ್ಲಿಸಿ ಕೂಡಲೇ ಬರಬೇಕು ಎಂದೂ ಹೇಳಿದ್ದರು. ಅಕ್ಕನಿಗೆ ಅದು ನೆನಪಿತ್ತು. “ಇದು ಕೂಗಿದ ಗಂಟಲು ಅಂದ್ಕಂಡೆ,” ಎಂದಳು.

ರಕ್ತದ ರಿಪೋರ್ಟು ಬಂದ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದರು.

“ನಿಮ್ಮ ಅಕ್ಕನ ರಕ್ತದಲ್ಲಿ ಒಂದು ಜಾತಿಯ ಬಿಳಿ ಕಣ ಇಲ್ಲವೇ ಇಲ್ಲ ಅನ್ನುವ ಹಾಗಿದೆ. ಆ ಮಾತ್ರೆಯಿಂದ ಎಲ್ಲೋ ಅಪರೂಪಕ್ಕೆ ಹೀಗಾಗ್ತದೆ. ಗಾಯದೊಳಗೆ ಬ್ಯಾಕ್ಟೀರಿಯಾ ಹೊಕ್ಕರೆ ಮೊದಲು ಓಡಿಬಂದು ನುಂಗುವ ಕಣ ಅದು. ಎಲುಬಿನ ಮಜ್ಜೆಯಲ್ಲಿ ಹುಟ್ತದೆ, ರಕ್ತದಲ್ಲಿ ತಿರುಗ್ತಾ ಇರ್ತದೆ, ಎಲ್ಲಾದ್ರೂ ಕರೆ ಬಂದ್ರೆ ರಕ್ತನಾಳದ ಗೋಡೆ ಸಂದಿಯಿಂದ ನುಸುಳಿ ಅಲ್ಲಿಗೆ ಹೋಗ್ತದೆ. ಬಹಳ ದಿನ ಬದುಕುವ ಕಣ ಅಲ್ಲ. ಹೊಸದು ಹುಟ್ತಾ ಇರಬೇಕು. ಈಗ ಹುಟ್ತಾ ಇಲ್ಲ.”

“ಆದರೆ ಗಾಯ ಕೀವಾಗಲಿಲ್ಲವಲ್ಲ ಮೇಡಂ,” ಎಂದೆ. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು ಅದು. ಅದೊಂದು ನಮ್ಮ ಕಡೆಯ ಸಾಕ್ಷಿ ಎಂದುಕೊಂಡಿದ್ದೆ.

ಅವರು ರಿಪೋರ್ಟನ್ನು ಮಡಚಿ ಕೈಯಲ್ಲಿ ಹಿಡಿದರು. “ಕೀವು ಅಂದರೆ ಬಹಳ ಮಟ್ಟಿಗೆ ಈ ಕಣಗಳೇ. ಬ್ಯಾಕ್ಟೀರಿಯಾವನ್ನ ನುಂಗಿ ಅಲ್ಲೇ ಸತ್ತುಬಿದ್ದವು. ಕೀವಾಗಲಿಲ್ಲ ಅಂದ್ರೆ ಇಲ್ಲಿ ಗಾಯ ಕೆಡಲಿಲ್ಲ ಅಂತ ಅಲ್ಲ ರೂಪೇಶ್. ಅಲ್ಲಿಗೆ ಹೋಗಿ ಸಾಯುವುದಕ್ಕೆ ಯಾರೂ ಇರಲಿಲ್ಲ ಅಂತ.”

ಮಾತ್ರೆ ನಿಲ್ಲಿಸಿದ್ದಾಗಿದೆ, ಆ್ಯಂಟಿಬಯಾಟಿಕ್ ಹೋಗುತ್ತಿದೆ, ಮಜ್ಜೆಯನ್ನು ಎಬ್ಬಿಸಲು ಇಂಜೆಕ್ಷನ್ ಕೊಡುತ್ತೇವೆ ಎಂದರು. ಕಣಗಳು ವಾಪಸು ಬರುವವರೆಗೆ ಅಕ್ಕನನ್ನು ಕಾಯಬೇಕು. ಬಂದರೆ ಉಳಿಯುತ್ತಾಳೆ. ಅಷ್ಟರೊಳಗೆ ಬೆರಳಿನದ್ದು ರಕ್ತಕ್ಕೆ ಪೂರ್ತಿ ಹರಡಿದರೆ, ಅಥವಾ ಹೊರಗಿನಿಂದ ಬೇರೆ ಸೋಂಕು ಬಂದರೆ, ಹೇಳಲಾಗದು. ಕೊನೆಯ ಕೋಣೆಯಲ್ಲಿ ಒಬ್ಬಳನ್ನೇ ಇಡುತ್ತೇವೆ, ಜೊತೆಗೆ ಒಬ್ಬರೇ ಇರಬೇಕು. ನೋಡಲು ಬರುವವರು ಬೇಡ. ಹೂವು ಬೇಡ, ಹೆಚ್ಚಿದ ಹಣ್ಣು ಬೇಡ, ಕುದಿಸದ ನೀರು ಬೇಡ.

“ಬಾಗಿಲಲ್ಲಿ ನೀವು ಗಟ್ಟಿ ನಿಲ್ಲಬೇಕು. ನಿಮ್ಮವರನ್ನೇ ತಡೀಬೇಕಾಗ್ತದೆ. ಆಗ್ತದಾ?”

ಆಗುತ್ತದೆ ಎಂದೆ. ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಬಾವ ಊರಿಗೆ ಹೋಗಿ ದೋಣಿಯ ವ್ಯವಸ್ಥೆ ಮಾಡಿ ಬರುತ್ತೇನೆಂದು ಹೋದ. ನಾನು ಫ್ಯಾಕ್ಟರಿಗೆ ರಜೆ ಹೇಳಿ, ಉಗುರು ಕತ್ತರಿಸಿಕೊಂಡು, ಮಾಸ್ಕು ಹಾಕಿಕೊಂಡು ಬಾಗಿಲ ಒಳಗಿನ ಸ್ಟೂಲಿನ ಮೇಲೆ ಕೂತೆ. ನೀತಾ ಎಂಬ ನರ್ಸು ಕೈ ತೊಳೆಯುವುದನ್ನು ಕಲಿಸಿದಳು. ಬೆರಳ ಸಂದಿ, ಉಗುರ ಬುಡ, ಹೆಬ್ಬೆರಳ ಸುತ್ತ. ನಾನು ತೊಳೆದು ಬಂದು ಕೂತು, ಬಾಗಿಲ ಹಿಡಿ ಮುಟ್ಟಿದೆನಾ ಎಂದು ಅನುಮಾನ ಬಂದು, ಮತ್ತೆ ತೊಳೆಯುತ್ತಿದ್ದೆ. ಕೈ ಬಿರಿಯತೊಡಗಿತು. ಬಿರಿದ ಕೈಯಲ್ಲಿ ಇನ್ನೂ ಹೆಚ್ಚು ಕೊಳೆ ಕೂರುತ್ತದೋ ಏನೋ ಎಂದು ಅದೊಂದು ಹೆದರಿಕೆ ಸೇರಿಕೊಂಡಿತು.

ಐಸ್ ಫ್ಯಾಕ್ಟರಿಯಲ್ಲಿ ನಾವು ಮಾಡುವ ಕೆಲಸ ಒಂದೇ. ಮೀನು ಕೆಡದ ಹಾಗೆ ನೋಡಿಕೊಳ್ಳುವುದು. ಹಿಡಿದ ಮೀನನ್ನು ಐಸಿಲ್ಲದೆ ಬಿಸಿಲಿಗಿಟ್ಟರೆ ಮಧ್ಯಾಹ್ನದೊಳಗೆ ವಾಸನೆ ಏಳುತ್ತದೆ. ಇಷ್ಟು ವರ್ಷ ಅದನ್ನೇ ನೋಡಿದವನಿಗೆ, ಬದುಕಿರುವ ಮೀನು ಯಾಕೆ ಕೆಡುವುದಿಲ್ಲ ಎಂಬ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಅದೇ ನೀರು, ಅದೇ ಬ್ಯಾಕ್ಟೀರಿಯಾ, ಅದೇ ಮಾಂಸ. ಮನುಷ್ಯನ ಮೈಯಂತೂ ಯಾವಾಗಲೂ ಬಿಸಿ. ಐಸಿಲ್ಲದೆ ಅರವತ್ತು ಎಪ್ಪತ್ತು ವರ್ಷ ಅದು ಕೆಡದೆ ಉಳಿಯುವುದು ಒಳಗೆ ಯಾರೋ ಹಗಲಿರುಳು ಕೆಲಸ ಮಾಡುತ್ತಿರುವುದರಿಂದ. ಅಕ್ಕ ಮಂಚದ ಮೇಲೆ ಮಲಗಿದ್ದಳು. ಅವಳ ಒಳಗೆ ಆ ಕೆಲಸ ನಿಂತಿತ್ತು. ಈ ವಿಚಾರ ಬಂದ ಮೇಲೆ ಅವಳ ಕಪ್ಪಿಟ್ಟ ಬೆರಳಿನ ಕಡೆ ನೋಡಲು ನನ್ನಿಂದ ಆಗಲಿಲ್ಲ.

ಮೊದಲು ಬಂದವರು ಪೇಟೆಯಲ್ಲಿ ಅಕ್ಕನ ಅಕ್ಕಪಕ್ಕ ಕೂತು ಮೀನು ಮಾರುವ ನಾಗು ಮತ್ತು ಸುಗಂಧಾ. ಅಂಕೋಲೆಯಿಂದ ಬಸ್ಸು ಹಿಡಿದು ಬಂದಿದ್ದರು. ನಮ್ಮಲ್ಲಿ ಯಾರಾದರೂ ಆಸ್ಪತ್ರೆಯಲ್ಲಿ ಮಲಗಿದರೆ ಹೋಗಿ ನೋಡಬೇಕು. ಹೋಗದವರು ಜಗಳ ಮಾಡಿಕೊಂಡವರು ಎಂದು ಲೆಕ್ಕ. ಮಂಚದ ಹತ್ತಿರ ನಿಂತು ಕಾಯಿಲೆಯವರ ಕೈ ಹಿಡಿದು, ಹಣೆ ಮುಟ್ಟಿ, ಎರಡು ಮಾತಾಡಿದರೆ ಮಾತ್ರ ನೋಡಿದ ಹಾಗೆ. ಬಾಗಿಲಿಂದ ನೋಡಿ ಹೋಗುವುದು ನೋಡದಿದ್ದುದಕ್ಕಿಂತ ಕಡೆ.

“ಒಳಗೆ ಬಿಡೂಕೆ ಆಗೂದಿಲ್ಲ ನಾಗಕ್ಕಾ,” ಎಂದೆ.

“ಯಾರಿಗೆ ಆಗೂದಿಲ್ಲ? ನಂಗೋ ನಿಂಗೋ?” ಎಂದಳು ನಾಗು. “ನಾ ಅವಳ ಬದಿಗೆ ಕೂತು ಎಷ್ಟು ವರ್ಷ ಆಯ್ತು, ನಿಂಗೆ ಗೊತ್ತದ್ಯಾ?”

“ಡಾಕ್ಟರು ಹೇಳಿದ್ದು. ಅವಳಿಗೆ ಯಾವ ಸೋಂಕೂ ತಡ್ಕಣೂಕೆ ಆಗೂದಿಲ್ಲ.”

“ನಮ್ಮ ಮೈಲಿ ಎಂತಾ ಸೋಂಕದೆ? ಮೀನು ವಾಸ್ನೆ ಅದೆ, ಅಷ್ಟೇ. ಅದು ಅವಳಿಗೂ ಅದೆ, ನಿಂಗೂ ಇತ್ತು. ಈಗ ನೀ ಕಾಲೇಜು ಸಾಬೂನಲ್ಲಿ ತೊಳ್ಕಂಡೆ.”

ಸುಗಂಧಾ ಅವಳ ತೋಳು ಹಿಡಿದಳು. “ಬಾ ಮಾರಾಯ್ತಿ. ಅವ ಹೇಳೂದು ಅವಳ ಒಳ್ಳೇದಕ್ಕೇ ಇರೂದು.”

“ಇರಬಹುದು. ಕಾಶಿ ಎದ್ದ ಮೇಲೆ ಹೇಳು, ನಾಗು ಬಂದಿದ್ಲು, ನಿನ್ನ ತಮ್ಮ ಬಾಗಿಲು ಹಾಕ್ದ ಅಂತ.” ಹಾಗೆ ಹೇಳುವಾಗ ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಮಾರನೆಯ ದಿನ ತಿಮ್ಮಿ ಆಯಿ ಬಂದರು. ಒಂದು ಕೈಯಲ್ಲಿ ಗಂಜಿಯ ಡಬ್ಬಿ, ಇನ್ನೊಂದರಲ್ಲಿ ಊರ ದೇವಸ್ಥಾನದ ಪ್ರಸಾದದ ಹೂವು ಮತ್ತು ಚಿಕ್ಕ ಬಾಟಲಿಯಲ್ಲಿ ತೀರ್ಥ. ಆ ವಯಸ್ಸಿನಲ್ಲಿ ಎರಡು ಬಸ್ಸು ಬದಲಿಸಿ ಬಂದಿದ್ದರು. ನನ್ನನ್ನು ನೋಡಿ, ನಾನು ಸರಿದು ದಾರಿ ಕೊಡುತ್ತೇನೆಂದೇ ನಡೆದುಬಂದರು. ನಾನು ಸರಿಯಲಿಲ್ಲ.

“ಆಯಿ, ಗಂಜಿ ಕೊಡಿ. ಬಿಸಿ ಮಾಡಿಸಿ ಕೊಡ್ತೆ. ತೀರ್ಥ ಬೇಡ, ಹೂವು ಬೇಡ. ನೀವೂ ಇಲ್ಲೇ ಇರಿ.”

“ತೀರ್ಥ ಬೇಡವಾ?”

“ಕುದಿಸದ ನೀರು ಕೊಡೂಕೆ ಇಲ್ಲ.”

“ದೇವರ ತೀರ್ಥ ಕುದಿಸ್ತಾರಾ ತಮಾ?” ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು. “ನಾ ಅವಳ ಬೆರಳು ನೋಡ್ಕಂಡು ಹೋಗ್ತೆ. ಬಟ್ಟೆ ಕಟ್ಟಿದವಳು ನಾನೇ ಅಲ್ಲಾ. ಕೀವು ಗೀವು ಆಗದ್ಯಾ?”

ಇದನ್ನು ಹೇಗೆ ಹೇಳಬೇಕೆಂದು ನಾನು ಹಿಂದಿನ ದಿನದಿಂದ ಯೋಚಿಸಿದ್ದೆ. ಹೇಳದೆ ಇದ್ದರೆ ಅವರು ಇನ್ನೊಬ್ಬರ ಗಾಯವನ್ನೂ ಹಾಗೇ ನೋಡುತ್ತಾರೆ. ಹೇಳಿದರೆ ಅವರ ಕೈಯಿಂದಲೇ ಸೊಸೆ ಹೀಗಾದಳೆಂದು ಹೇಳಿದ ಹಾಗೆ ಆಗುತ್ತದೆ. ಅದು ಪೂರ್ತಿ ನಿಜವೂ ಅಲ್ಲ. ಕಣ ಕೊಂದದ್ದು ಮಾತ್ರೆ, ಆಯಿ ಅಲ್ಲ. ಕೊನೆಗೆ ಅವರನ್ನು ಬೆಂಚಿನ ಮೇಲೆ ಕೂರಿಸಿ, ಎಲ್ಲ ಹೇಳಿದೆ. ಡಾಕ್ಟರು ಹೇಳಿದ್ದಷ್ಟನ್ನೇ ಹೇಳಿದೆನೋ, ನನ್ನದೇನಾದರೂ ಸೇರಿಸಿದೆನೋ ಎಂದು ಈಗಲೂ ಸಂಶಯವಿದೆ. ಅರ್ಥವಾಗಲೆಂದು ರಂಪಣಿ ಬಲೆಯ ಹೋಲಿಕೆ ಕೊಟ್ಟೆ. ದಡಕ್ಕೆ ಮೀನಿನ ಹಿಂಡು ಬಂದದ್ದನ್ನು ಒಬ್ಬ ಕಂಡು ಕೂಗುತ್ತಾನೆ, ಕೇರಿಯ ಜನ ಇದ್ದ ಕೆಲಸ ಬಿಟ್ಟು ಓಡಿಬಂದು ಹಗ್ಗ ಹಿಡಿಯುತ್ತಾರಲ್ಲ, ಮೈಯೊಳಗೂ ಗಾಯದ ಹತ್ತಿರ ಕೂಗುವವರಿದ್ದಾರೆ, ರಕ್ತದಲ್ಲಿ ಓಡಿಬರುವವರಿದ್ದಾರೆ. ಕೀವು ಅಂದರೆ ಹಾಗೆ ಓಡಿಬಂದು ಸತ್ತವರು.

ಆಯಿ ಕೇಳುತ್ತ ಕೇಳುತ್ತ ತೀರ್ಥದ ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡರು.

“ಅಂದ್ರೆ ಕಾಶಿ ಬೆರಳಲ್ಲಿ ಕೂಗಾಯ್ತು. ಜನ ಇಲ್ಲ.”

“ಹೌದು.”

“ನಾ ದಿನಾ ಬಿಚ್ಚಿ ನೋಡ್ದೆ. ಖಾಲಿ ದಡ ನೋಡಿ ಖುಷಿ ಪಟ್ಟೆ.”

 ಅವರು ಎದ್ದು ಮನೆಗೆ ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ಪಡಸಾಲೆಯ ಆ ತುದಿಯ ಬೆಂಚಿಗೆ ಹೋಗಿ, ಎಲೆ ಅಡಿಕೆಯ ಕವಳದ ಸಂಚಿ ಪಕ್ಕಕ್ಕಿಟ್ಟು ಕೂತರು. ಸಂಜೆಯಾದರೂ ಅಲ್ಲೇ ಇದ್ದರು. ಬೆಳಿಗ್ಗೆ ನಾನು ಬಾಗಿಲು ತೆರೆದಾಗಲೂ ಅಲ್ಲೇ ಇದ್ದರು. 

ಅಕ್ಕನ ಜ್ವರ ಇಳಿಯಲಿಲ್ಲ. ಬೆರಳಿನಿಂದ ಮೇಲೇರುತ್ತಿದ್ದ ಕೆಂಪು ಗೆರೆ ಮಣಿಕಟ್ಟಿನ ಆಚೆ ಹೋಗಿದೆ ಎಂದು ಡಾಕ್ಟರು ಪೆನ್ನಿನಿಂದ ಗುರುತು ಮಾಡಿದರು. ಗುರುತು ದಾಟಿದರೆ ಕೈಯ ಬಗ್ಗೆ ಯೋಚನೆ ಮಾಡಬೇಕಾಗುತ್ತದೆ ಎಂದರು. ದಿನವೂ ರಕ್ತ ತೆಗೆಯುತ್ತಿದ್ದರು. ದಿನವೂ ಅದೇ ಉತ್ತರ, ಇನ್ನೂ ಬಂದಿಲ್ಲ.

ಅಕ್ಕ ಒಮ್ಮೆ ಕಣ್ಣು ತೆರೆದು, “ಹೊರಗೆ ಯಾರದಾರೆ?” ಎಂದಳು.

“ಅತ್ತೆ ಅದಾರೆ.”

“ಒಳಗೆ ಬರಲಿಲ್ಲ?”

“ನಾನೇ ಬಿಡಲಿಲ್ಲ.”

ಅವಳು ನನ್ನನ್ನು ನೋಡಿದಳು. ಬೈಯುವ ಶಕ್ತಿ ಇದ್ದಿದ್ದರೆ ಬೈಯುತ್ತಿದ್ದಳು.

ಅದೇ ದಿನ ಮಧ್ಯಾಹ್ನ ನನ್ನ ಗಂಟಲು ಕೆರೆಯತೊಡಗಿತು. ಮೊದಲು ಮಾಸ್ಕಿನ ಬಿಸಿಗೆ ಇರಬೇಕು ಎಂದುಕೊಂಡೆ. ನೀರು ಕುಡಿದೆ. ಉಗುಳು ನುಂಗಿದಾಗ ಒಂದು ಬದಿ ನೋವು. ನೋವೇ, ಅಥವಾ ಹೆದರಿಕೆಗೆ ಹಾಗನ್ನಿಸುವುದೇ? ಮತ್ತೆ ನುಂಗಿ ನೋಡಿದೆ. ಹಾಗೆ ನೋಡುತ್ತ ಕೂತ ಒಂದೊಂದು ಗಳಿಗೆಯೂ ನಾನು ಅದೇ ಕೋಣೆಯ ಗಾಳಿಯಲ್ಲಿ ಉಸಿರಾಡುತ್ತಿದ್ದೇನೆ ಎಂದು ಹೊಳೆದದ್ದೇ ಎದ್ದು ಹೊರಗೆ ಬಂದು ಬಾಗಿಲು ಹಾಕಿದೆ. ಪಡಸಾಲೆಯ ಕಂಬದ ಹತ್ತಿರ ನಿಂತಾಗ ಸೀನು ಬಂತು.

ನರ್ಸ್ ನೀತಾ ದೂರದಿಂದಲೇ ಕೇಳಿದಳು. “ಶೀತವಾ?”

“ಇರಬಹುದು. ಬೆಳಿಗ್ಗೆ ಇರಲಿಲ್ಲ. ಮಾಸ್ಕ್ ತೆಗೀಲೇ ಇಲ್ಲ.”

“ಒಳ್ಳೇದಾಯ್ತು ಹೊರಗೆ ಬಂದದ್ದು. ಇನ್ನು ಒಳಗೆ ಹೋಗಬೇಡಿ. ಬೇರೆ ಯಾರದಾರೆ ನಿಮ್ಮವರು?”

ಬಾವನಿಗೆ ಫೋನ್ ಮಾಡಿದರೆ ಹತ್ತಲಿಲ್ಲ. ಬದಲಿ ಆಳು ಸಿಗದೆ ತಾನೇ ದೋಣಿ ಹತ್ತಿ ನೀರಿನ ಮೇಲಿದ್ದಿರಬೇಕು. ನಮ್ಮನ್ನು ಹೆತ್ತ ಆಯಿ ತೀರಿಹೋಗಿ ವರ್ಷಗಳಾದವು. ನನ್ನ ಹೆಂಡತಿ ಲತಾ ಹಸುಗೂಸಿನ ತಾಯಿ. ನಾನು ಪಡಸಾಲೆಯ ಆ ತುದಿಯನ್ನು ನೋಡಿದೆ. ನೀತಾಳೂ ಅತ್ತ ನೋಡಿದಳು.

“ಆ ಅಜ್ಜಿ? ಹೇಳಿದ್ದು ಕೇಳ್ತಾರಾ?”

“ಗೊತ್ತಿಲ್ಲ,” ಎಂದೆ.

ಬೆಂಚಿನಿಂದ ದೂರ ನಿಂತು ಹೇಳಿದೆ. ಬಾಗಿಲಲ್ಲಿ ತಡೆದವನೇ ಈಗ ಒಳಗೆ ಹೋಗಿ ಎನ್ನುತ್ತಿದ್ದೇನೆ, ಅದಕ್ಕೆ ಅವರು ಏನು ಹೇಳಿದರೂ ಕೇಳಿಸಿಕೊಳ್ಳಬೇಕೆಂದು ತಯಾರಾಗಿದ್ದೆ. ತಿಮ್ಮಿ ಆಯಿ ಎರಡೂ ಅಂಗೈಗಳನ್ನು ಮುಂದೆ ಚಾಚಿ ನೋಡಿಕೊಂಡರು.

“ಈ ಕೈಲಿ ಹೆಂಗೆ ಹೋಗೂದು?”

“ತೊಳೆಯೂದು ಹೇಳ್ಕೊಡ್ತಾರೆ.”

“ನನ್ನ ಕೈ ಬ್ಯಾಡ ಅಂತಲೇ ಅಲ್ಲಾ ನೀ ಹೇಳಿದ್ದು.”

“ನಿಮ್ಮ ಕೈ ಒಂದೇ ಅಲ್ಲ. ಎಲ್ಲರ ಕೈ. ಈಗ ನಂದೂ ಬ್ಯಾಡ ಆಗದೆ.”

ಅವರು ಅಂಗೈಗಳನ್ನು ಸೀರೆಗೆ ಒರೆಸಿಕೊಂಡರು. ಆಮೇಲೆ ಕವಳದ ಸಂಚಿಯನ್ನು ಬೆಂಚಿನ ಮೇಲೆ ನನ್ನ ಕಡೆ ತಳ್ಳಿದರು. “ಇದು ನೀ ಇಟ್ಕ. ಹತ್ರ ಇದ್ರೆ ಕೈ ಬಾಯಿಗೆ ಹೋಗ್ತದೆ.”

ನೀತಾ ಅವರ ಉಗುರು ಕತ್ತರಿಸಿದಳು, ಬೇರೆ ಸೀರೆ ಕೊಟ್ಟಳು. ನಲ್ಲಿಯ ಹತ್ತಿರ ನಿಂತು ಕೈ ತೊಳೆಯುವುದನ್ನು ಕಲಿಸಿದಳು.

“ಇಷ್ಟು ತಿಕ್ಕಿದ್ರೆ ಮೀನಿನ ಮೈ ಪೊರೆಯೇ ಕಿತ್ತು ಹೋಗ್ತದಲೇ ಹುಡ್ಗಿ,” ಎಂದರು ಆಯಿ.

“ಹೋಗಲಿ ಅಜ್ಜಿ. ಬಾಯಲ್ಲಿ ಕವಳ ಇದ್ರೆ ಅದನ್ನೂ ಉಗುಳಿ ಬಾಯಿ ತೊಳೀರಿ.”

“ನಿನ್ನ ಅತ್ತೆ ಪುಣ್ಯವಂತೆ,” ಎಂದು ಗೊಣಗಿ ಬಾಯಿ ತೊಳೆದರು.

ಅಲ್ಲಿಂದ ಮುಂದೆ ನನಗೆ ಆಸ್ಪತ್ರೆಯ ಅಂಗಳವೇ ಗತಿಯಾಯಿತು. ಅಕ್ಕನ ಕೋಣೆಯ ಕಿಟಕಿ ಅಂಗಳದ ಕಡೆಗಿತ್ತು. ಗಾಜು ಮುಚ್ಚಿರುತ್ತಿತ್ತು. ನಾನು ಆಚೆ ಗೋಡೆಗೆ ಒರಗಿ ನಿಂತು ಒಳಗಿನ ನೆರಳುಗಳನ್ನು ನೋಡುತ್ತಿದ್ದೆ. ಆಯಿ ಬಾಗಿಲು ಕಾಯುವುದನ್ನು ಪಡಸಾಲೆಯ ಜಾಲರಿಯಿಂದ ನೋಡಬಹುದಿತ್ತು. ಕೇರಿಯಿಂದ ಜನ ಬಂದರು. ನನ್ನ ಬಳಿ ವಾದ ಮಾಡಿದವರು ಅವರ ಬಳಿ ಮಾಡಲಿಲ್ಲ. “ಇಲ್ಲಿಂದಲೇ ನೋಡಿ. ನೋಡಾಯ್ತು ಅಂತ ನಾ ಹೇಳ್ತೆ,” ಎಂದು ಕಳಿಸಿಬಿಡುತ್ತಿದ್ದರು. ಅವರು ನೋಡಾಯ್ತು ಎಂದ ಮೇಲೆ ಅದು ನೋಡಿದ ಲೆಕ್ಕಕ್ಕೇ ಸೇರಿತು. ಯಾರೋ ತಂದ ಕುಂಕುಮವನ್ನು ನೆಲಕ್ಕಿಡಿಸಿ, “ದೇವರು ಬ್ಯಾಡ ಅಂದದ್ದಲ್ಲ. ಅವಂಗೂ ಸ್ವಲ್ಪ ದಿನ ಹೊರಗೇ ಇರು ಅಂದದೆ,” ಎಂದರು.

ಬಾವ ಜಟ್ಟಿ ದೋಣಿಯಿಂದ ಇಳಿದವನೇ ಬಂದ. ಲುಂಗಿಯಲ್ಲಿ ಡೀಸೆಲಿನ ವಾಸನೆ, ಕಾಲಲ್ಲಿ ಒಣಗಿದ ಉಪ್ಪು. ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ.

“ಆಯಿ, ಬದಿಗೆ ಸರಿ. ಅವಳ ನೋಡ್ತೆ.”

“ಮೊದ್ಲು ಮಿಂದ್ಕಂಡು ಬಾ.”

“ನನ್ನ ಹೆಂಡ್ತಿ ನೋಡೂಕೆ ಮಿಂದ್ಕಂಡು ಬರೂಕಾ?”

“ಮದ್ವೆ ದಿನ ನೀ ಮಿಂದ್ಕಂಡೇ ಬಂದಿದ್ದೆ. ಹೋಗು.”

ಅವನು ನನ್ನ ಹತ್ತಿರ ಅಂಗಳಕ್ಕೆ ಬಂದು ಗೋಡೆಯ ಬುಡದಲ್ಲಿ ಕುಕ್ಕರಿಸಿದ. ಸ್ವಲ್ಪ ಹೊತ್ತಿನ ಮೇಲೆ, “ಕೈ ಕತ್ತರಿಸ್ತಾರಾ?” ಎಂದು ಕೇಳಿದ.

“ಇನ್ನೂ ಹೇಳಲಿಲ್ಲ.”

“ಕತ್ತರಿಸಲಿ. ಕೈ ಹೋದ್ರೆ ಹೋಗಲಿ.” ಉಗುರಿನಿಂದ ಕಾಲಿನ ಒಣ ಉಪ್ಪನ್ನು ಕೆರೆಯತೊಡಗಿದ. 

ಆಮೇಲೆ ಒಂದು ದಿನ ಬೆಳಿಗ್ಗೆ ಡಾಕ್ಟರು ಅಂಗಳಕ್ಕೇ ಬಂದರು. ರಕ್ತದಲ್ಲಿ ಹೊಸ ಕಣ ಕಾಣಿಸುತ್ತಿವೆ, ಬಹಳ ಕಡಿಮೆ, ಆದರೆ ಕಾಣಿಸುತ್ತಿವೆ ಎಂದರು. ನಾನು ನಕ್ಕೆನೆಂದು ಕಾಣುತ್ತದೆ. ಅವರು ನಗಲಿಲ್ಲ. “ಹುಟ್ಟಿದ್ದು ಗಾಯದವರೆಗೆ ಹೋಗಬೇಕು. ಹೋಗ್ತವೋ ಇಲ್ಲವೋ ಈಗ ನೋಡಬೇಕು,” ಎಂದು ಒಳಗೆ ಹೋದರು.

ಸಂಜೆಯ ಹೊತ್ತಿಗೆ ಅಕ್ಕ ನರಳುವುದು ಕೇಳಿಸಿತು. ಅಷ್ಟು ದಿನ ಅವಳು ಬೆರಳು ನೋವೆಂದು ಒಂದು ಸಲವೂ ಹೇಳಿರಲಿಲ್ಲ. ಈಗ ಗಾಜಿನಾಚೆಗೂ ಅವಳ ಅಳು ಬರುತ್ತಿತ್ತು. ಬಾವ ಎದ್ದು ನಿಂತ. ನಾವಿಬ್ಬರೂ ಕಿಟಕಿಯತ್ತ ನಡೆದೆವು, ಮುಟ್ಟುವಷ್ಟು ಹತ್ತಿರ ಹೋಗಲು ಧೈರ್ಯವಾಗದೆ ಅರ್ಧದಲ್ಲಿ ನಿಂತೆವು. ಎಲ್ಲ ಕೈಮೀರಿತು ಎಂದೇ ನನ್ನ ಮನಸ್ಸು ಹೇಳಿತು. ಒಳಗೆ ಆಯಿ ಮಂಚದ ಮೇಲೆ ಬಗ್ಗಿದ್ದರು. ನೀತಾ ಓಡಿಬಂದದ್ದು, ಡಾಕ್ಟರು ಬಂದದ್ದು ಕಾಣಿಸಿತು. ಆಮೇಲೆ ಪರದೆ ಎಳೆದರು.

ಬಹಳ ಹೊತ್ತಿನ ಮೇಲೆ ಆಯಿ ಕಿಟಕಿಯ ಹತ್ತಿರ ಬಂದರು. ಗಾಜು ತೆರೆಯಲಿಲ್ಲ. ಮಾಸ್ಕಿನೊಳಗಿಂದ ಮಾತಾಡಿದ್ದು ಮೊದಲು ನಮಗೆ ತಿಳಿಯಲಿಲ್ಲ. ಮತ್ತೆ ಹೇಳಿದರು.

“ಬೆರಳು ಬಾತದೆ. ಕೀವು ಬಂತು.”

ಬಾವ ನನ್ನ ಮುಖ ನೋಡಿದ. ಅವನ ಕಿವಿಗೆ ಆ ಮಾತು ಬೇರೆಯೇ ಆಗಿ ಬಿದ್ದಿತ್ತು. ಅವನ ಜೀವಮಾನವೆಲ್ಲ ತಾಯಿ ಆ ಮಾತನ್ನು ಮುಖ ಗಂಟಿಕ್ಕಿ ಹೇಳಿದ್ದನ್ನೇ ಕೇಳಿದವನು. “ಒಳ್ಳೇದು ಬಾವ,” ಎಂದೆ. “ಅದು ಒಳ್ಳೇದು.” ಹೇಳುವಾಗ ನನಗೂ ಪೂರ್ತಿ ನಂಬಿಕೆಯಿರಲಿಲ್ಲ. ಡಾಕ್ಟರು ಹೊರಗೆ ಬಂದು ಹೇಳಿದ ಮೇಲೆ ನಂಬಿದೆ.

ಬೆರಳಿನ ತುದಿಯ ಗೆಣ್ಣು ಉಳಿಯಲಿಲ್ಲ. ಸತ್ತ ಭಾಗವನ್ನು ತೆಗೆದು, ಕೀವನ್ನು ಹರಿಯಲು ಬಿಟ್ಟು ಕಟ್ಟಿದರು. ಕೆಂಪು ಗೆರೆ ಪೆನ್ನಿನ ಗುರುತು ದಾಟದೆ ಹಿಂದೆ ಸರಿಯತೊಡಗಿತು. ಜ್ವರ ಇಳಿಯಿತು. ಆ ಮಾತ್ರೆಯನ್ನು ಇನ್ನು ಜೀವಮಾನದಲ್ಲಿ ಮುಟ್ಟಬಾರದು, ಥೈರಾಯ್ಡಿಗೆ ಬೇರೆ ದಾರಿ ನೋಡೋಣ ಎಂದರು ಡಾಕ್ಟರು. ಅದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಅಕ್ಕನ ಆಧಾರ್ ಕಾರ್ಡಿನ ಜೊತೆಗಿಡಲು ಬಾವನಿಗೆ ಕೊಟ್ಟೆ. ಇನ್ನೊಂದು ಪ್ರತಿ ನನ್ನ ಹತ್ತಿರ ಇಟ್ಟುಕೊಂಡೆ.

ಮೊದಲ ಸಲ ಕಟ್ಟು ಬಿಚ್ಚಿದ ದಿನ ನೀತಾ ಒದ್ದೆಯಾದ ಹತ್ತಿಯನ್ನು ತಟ್ಟೆಗೆ ಹಾಕಿದಾಗ ಆಯಿ ಅದನ್ನು ತೋರಿಸೆಂದರಂತೆ. ಇದನ್ನು ನನಗೆ ಹೇಳಿದವಳು ನೀತಾ. ಮುಟ್ಟಬೇಡಿ ಎಂದು ತಟ್ಟೆಯನ್ನು ಅವರ ಮುಂದೆ ಹಿಡಿದಳಂತೆ. ಆಯಿ ಮೂಸಲಿಲ್ಲ. ಬಗ್ಗಿ ನೋಡಿ, “ಇದರಲ್ಲಿ ಎಷ್ಟು ಜನ ಇರಬಹುದು?” ಎಂದು ಕೇಳಿದರಂತೆ.

“ನಾ ತಟ್ಟೆ ಹಾಂಗೇ ಹಿಡ್ಕಂಡೆ,” ಎಂದಳು ನೀತಾ. “ಲೆಕ್ಕ ಇಲ್ಲ ಅಜ್ಜಿ, ಲಕ್ಷ ಕೋಟಿ ಅಂದೆ. ಅವರು ಆ ತಟ್ಟೆ ಡಬ್ಬಿಗೆ ಹೋಗೂವರೆಗೂ ಎದ್ದು ನಿಂತಿದ್ರು. ಊರಲ್ಲಿ ಹೆಣ ಹೋಗೂವಾಗ ನಿಲ್ತಾರಲ್ಲ, ಹಾಂಗೆ.”

ನನ್ನ ಶೀತ ಅಷ್ಟರಲ್ಲಿ ಹೋಗಿತ್ತು. ಆದರೂ ಹೋಗಿದೆ ಎಂದು ಹೇಳಲು ನಾನು ಮುಂದೆ ಬರಲಿಲ್ಲ. ಇನ್ನೂ ಎಲ್ಲೋ ಇದ್ದರೆ ಎಂದು ಹೊರಗೇ ಉಳಿದೆ. ಕಣಗಳು ಸಾಕಷ್ಟು ಬಂದಿವೆ, ಇನ್ನು ಒಬ್ಬೊಬ್ಬರಾಗಿ ನೋಡಬಹುದು ಎಂದು ಡಾಕ್ಟರು ಹೇಳಿದ ದಿನ ಬಾವ ಮೊದಲು ಹೋದ, ಮಿಂದುಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು. ಅವನು ಹೊರಗೆ ಬಂದು ಮುಖ ಒರೆಸಿಕೊಳ್ಳುತ್ತ ನಿಂತಾಗ ನಾನು ಬಾಗಿಲಿಗೆ ಹೋದೆ.

ತಿಮ್ಮಿ ಆಯಿ ಸ್ಟೂಲಿನಿಂದ ಎದ್ದರು. ಕೈ ಅಡ್ಡ ಹಿಡಿದರು.

“ಬಾಯಿ ತೆಗಿ.”

“ಆಯಿ, ವಾಸಿಯಾಗದೆ. ಡಾಕ್ಟರು ಹೋಗು ಅಂದ್ರು.”

“ಡಾಕ್ಟರು ನಿನ್ನ ಗಂಟಲು ನೋಡಿದ್ರಾ?”

ನೋಡಿರಲಿಲ್ಲ. ನಾನು ಮಾಸ್ಕು ಇಳಿಸಿ ಬಾಯಿ ತೆರೆದೆ. ಅವರು ತಲೆ ಹಿಂದಕ್ಕೆ ಎಳೆದು ನಿಂತು, ಬಾವನ ಮೊಬೈಲಿನ ಬೆಳಕು ಬಿಡಿಸಿ, ಹುಬ್ಬು ಕೂಡಿಸಿ ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಅವರಿಗೆ ಅಲ್ಲಿ ಏನು ಕಂಡಿತೋ ನನಗೆ ತಿಳಿಯದು.

“ಏ ರೂಪೇಶಾ,” ಎಂದಳು ಅಕ್ಕ ಒಳಗಿನಿಂದ. ದನಿ ಇನ್ನೂ ಒಡಕಾಗಿಯೇ ಇತ್ತು.

“ತಡಿ,” ಎಂದರು ಆಯಿ, ಅವಳಿಗೋ ನನಗೋ. ಆಮೇಲೆ ಬೆಳಕು ಆರಿಸಿ ಪಕ್ಕಕ್ಕೆ ಸರಿದರು. “ಕೈ ತೊಳ್ಕಂಡು ಹೋಗು.”